ಅತ್ತಿಗೆಯ ಲೆಕ್ಕ, ಆಕಾಶದ ಲೆಕ್ಕ

ನಮ್ಮ ಅತ್ತಿಗೆಗೆ ಸಿಟ್ಟೇ ಬರುವುದಿಲ್ಲ. ಅವಳ ಪಾಲಿನದೂ ನಿನಗೇ ಬಂದುಬಿಟ್ಟಿದೆ ಎಂದು ಅಣ್ಣ ನನ್ನನ್ನು ರೇಗಿಸುತ್ತಾನೆ. ಅಣ್ಣ ಹಲ್ಲಿನ ಡಾಕ್ಟರು. ದಿನವಿಡೀ ಊರಿನವರ ಬಾಯಿ ತೆರೆಸುವವನಿಗೆ ಮನೆಯಲ್ಲಿ ತಂಗಿಯ ಬಾಯಿ ಮುಚ್ಚಿಸಲು ಬರುವುದಿಲ್ಲ. ಗಂಡ ಹೆಂಡತಿ ಕೆಳಗಿನ ಮನೆಯಲ್ಲಿರುತ್ತಾರೆ, ನಾನು ಮೇಲಿನ ಎರಡು ಕೋಣೆಗಳಲ್ಲಿ. ಊಟ ಮಾತ್ರ ಮೂವರದೂ ಒಂದೇ ಮೇಜಿನಲ್ಲಿ.

ಕೆಲಸದ ಜಾಗದಲ್ಲೂ ನಾವಿಬ್ಬರು ಹೀಗೆಯೇ, ನಾನು ಮೇಲೆ, ಅತ್ತಿಗೆ ಕೆಳಗೆ. ಹವಾಮಾನ ಸಂಸ್ಥೆಯ ತಾರಸಿಯ ಉಪಕರಣಗಳು ನನ್ನ ವಶ. ನೆಲಮಾಳಿಗೆಯ ಕಂಪ್ಯೂಟರ್ ಕೋಣೆ ಅತ್ತಿಗೆಯದು. ನಾನು ಬಿಸಿಲಲ್ಲಿ ನಿಂತು ಅಳೆಯುತ್ತೇನೆ, ಅವರು ಟ್ಯೂಬ್‌ಲೈಟಿನ ಕೆಳಗೆ ಕೂತು ಲೆಕ್ಕ ಹಾಕುತ್ತಾರೆ. ಇಬ್ಬರೂ ಹುಡುಕುವುದು ಒಂದನ್ನೇ: ಆಕಾಶ ನೆಲಕ್ಕೆ ಎಷ್ಟು ಶಾಖ ಕಳಿಸುತ್ತಿದೆ, ಅದರಲ್ಲಿ ನಾವೆಲ್ಲ ಸೇರಿ ಗಾಳಿಗೆ ಬಿಟ್ಟ ಅನಿಲಗಳ ಪಾಲೆಷ್ಟು.

ಬಿಸಿಲಿನ ಮಾತಲ್ಲ ಇದು. ಒಲೆ ಆರಿಸಿದ ಮೇಲೂ ಒಲೆಯ ಹಿಂದಿನ ಗೋಡೆಗೆ ಬೆನ್ನು ಕೊಟ್ಟರೆ ಬೆಚ್ಚಗಿರುತ್ತದಲ್ಲ, ಗಾಳಿಯೂ ಹಾಗೆ. ನೆಲದಿಂದ ಏಳುವ ಶಾಖವನ್ನು ಹೀರಿಕೊಂಡು ಒಂದಷ್ಟನ್ನು ಮತ್ತೆ ನೆಲಕ್ಕೇ ವಾಪಸು ಕೊಡುತ್ತದೆ. ಹೀಗೆ ಹಿಡಿದಿಟ್ಟು ಕೊಡುವ ಕೆಲಸ ನೀರಾವಿಯದು, ಇಂಗಾಲದ ಡೈಆಕ್ಸೈಡಿನದು, ಮೀಥೇನಿನದು. ಅವು ಹೆಚ್ಚಾದಷ್ಟೂ ವಾಪಸು ಬರುವ ಶಾಖ ಹೆಚ್ಚು. ಎಷ್ಟು ಹೆಚ್ಚು ಎಂಬುದನ್ನು ಅತ್ತಿಗೆ ತಾವೇ ಬರೆದ ಒಂದು ಪ್ರೋಗ್ರಾಮಿನಲ್ಲಿ ಮೂವತ್ತು ವರ್ಷದಿಂದ ಲೆಕ್ಕ ಹಾಕುತ್ತ ಬಂದಿದ್ದರು. ಅದರ ಒಂದೊಂದು ಸಾಲೂ ಅವರಿಗೆ ಬಾಯಿಪಾಠ. ಸಂಸ್ಥೆಯ ಹುಡುಗರು ಅದನ್ನು ಹಳೇ ಕಾಲದ ಡಬ್ಬಿ ಎಂದು ಹಾಸ್ಯ ಮಾಡಿದರೆ, "ಹೆತ್ತೋರಿಗೆ ಹೆಗ್ಗಣ ಮುದ್ದು ಕಣ್ರಪ್ಪ" ಎಂದು ಅತ್ತಿಗೆ ತಾವೇ ನಗುತ್ತಿದ್ದರು.

ಆ ವರ್ಷದ ಕೊನೆಗೆ ಅತ್ತಿಗೆಯ ನಿವೃತ್ತಿ. ಅವರು ಹೋದ ಮೇಲೆ ಪ್ರೋಗ್ರಾಮಿನ ಗತಿ ಏನು ಎಂಬ ಪ್ರಶ್ನೆ ಎದ್ದಿತು. ಎರಡನೇ ಮಹಡಿಯ ತಂಡದವರು ಹೊಸದೊಂದನ್ನು ಬರೆದಿದ್ದರು. ಎರಡನ್ನೂ ಸಾಕಲು ಸಂಸ್ಥೆ ತಯಾರಿರಲಿಲ್ಲ. ಕೊನೆಗೆ ನಿರ್ದೇಶಕರು ತೀರ್ಮಾನಿಸಿದರು: ತಾರಸಿಯ ಹದಿನಾಲ್ಕು ವರ್ಷದ ಅಳತೆಯನ್ನು ಅತ್ತಿಗೆಯ ಲೆಕ್ಕದ ಪಕ್ಕದಲ್ಲಿಟ್ಟು ನೋಡೋಣ. ಹೊಂದಿದರೆ ಅದೇ ಉಳಿಯಲಿ, ಇಲ್ಲವಾದರೆ ಹೊಸದು ಬರಲಿ. ಅಂದರೆ ಅತ್ತಿಗೆಯ ಮೂವತ್ತು ವರ್ಷ ನಿಲ್ಲುವುದೋ ಬೀಳುವುದೋ ಎಂಬುದು ನನ್ನ ಅಳತೆಯ ಮೇಲೆ ನಿಂತಿತು. ನನಗೆ ಅನ್ನ ಇಳಿಯದ ಹಾಗಾಯಿತು. ಅತ್ತಿಗೆ ಎಂದಿನಂತೆ ಎರಡನೇ ಸಲ ಬಡಿಸಿಕೊಂಡು ಉಂಡರು.

ನಮ್ಮ ಕಸುಬಿನಲ್ಲಿ ಒಂದು ಕಟ್ಟುನಿಟ್ಟಿದೆ. ಅಳೆಯುವವರು ಲೆಕ್ಕದವರ ಅಂಕಿ ನೋಡಬಾರದು, ಲೆಕ್ಕದವರು ಅಳತೆಯವರ ಅಂಕಿ ನೋಡಬಾರದು. ನೋಡಿದರೆ ಎಂಥ ಪ್ರಾಮಾಣಿಕರಿಗೂ ಕೈ ಅತ್ತಲೇ ವಾಲುತ್ತದೆ. ನಮ್ಮದು ಒಂದೇ ಮೇಜಿನ ಊಟವಾದ್ದರಿಂದ ಅತ್ತಿಗೆ ಮನೆಗೂ ಕಾನೂನು ತಂದಿದ್ದರು. ಊಟದ ಹೊತ್ತಿಗೆ ಕೆಲಸದ ಅಂಕಿ ಬಾಯಿಗೆ ತಂದವರು ಅವತ್ತಿನ ಪಾತ್ರೆ ತೊಳೆಯಬೇಕು. ಒಮ್ಮೆ ನಾನು "ಈ ತಿಂಗಳು ಆಕಾಶ ಯಾಕೋ..." ಎಂದಷ್ಟೇ ಅಂದಿದ್ದೆ, ಅತ್ತಿಗೆ ಪಾತ್ರೆ ಉಜ್ಜುವ ನಾರನ್ನು ತಂದು ನನ್ನ ತಟ್ಟೆಯ ಪಕ್ಕದಲ್ಲಿಟ್ಟರು.

"ಎತ್ತು ಏರಿಗೆಳೆದ್ರೆ ಕೋಣ ನೀರಿಗೆಳೀತು ಅನ್ನೋ ಹಾಗೆ, ಒಬ್ಬಳು ತಾರಸಿಗೆ, ಒಬ್ಬಳು ನೆಲಮಾಳಿಗೆಗೆ. ಮಧ್ಯ ಈ ಬಡಪಾಯಿ ಗಾಡಿ" ಎಂದ ಅಣ್ಣ.

"ನಮ್ಮಲ್ಲಿ ಕೋಣ ಯಾರು, ಅದನ್ನ ಹೇಳಿ ಮೊದಲು" ಎಂದು ಅತ್ತಿಗೆ ಕೇಳಿದರು. ಅಣ್ಣ ನೀರಿನ ಲೋಟ ಎತ್ತಿಕೊಂಡ. ಬುದ್ಧಿವಂತ.

ಹೋಲಿಕೆಯ ದಿನ ಬಂತು. ಸಭೆಯ ಕೋಣೆಯಲ್ಲಿ ಎರಡೂ ಕಡೆಯ ಕಡತಗಳನ್ನು ಎಲ್ಲರೆದುರು ತೆರೆದು, ಒಂದೇ ಪರದೆಯ ಮೇಲೆ ಎರಡು ಗೆರೆಗಳನ್ನು ಎಳೆದರು. ನನ್ನ ಅಳತೆ ನೀಲಿ, ಅತ್ತಿಗೆಯ ಲೆಕ್ಕ ಕೆಂಪು. ಎರಡು ಗೆರೆಗಳೂ ಒಂದರ ಮೇಲೊಂದು ಕೂತಿದ್ದವು. ಒಣ ದಿನ, ತೇವದ ದಿನ, ಮೊದಲ ವರ್ಷ, ಕೊನೆಯ ವರ್ಷ, ಎಲ್ಲೂ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲ. ವರ್ಷ ವರ್ಷಕ್ಕೂ ಅನಿಲ ಹೆಚ್ಚಿದ್ದಕ್ಕೆ ಸರಿಯಾಗಿ ಎರಡೂ ಜೊತೆಜೊತೆಗೇ ಮೇಲಕ್ಕೆ ಏರಿದ್ದವು. ಕೋಣೆಯ ತುಂಬ ಚಪ್ಪಾಳೆ. ಎರಡನೇ ಮಹಡಿಯವರೂ ಚಪ್ಪಾಳೆ ತಟ್ಟಿದರು, ಮುಖ ಸಣ್ಣದು ಮಾಡಿಕೊಂಡೇ ಆದರೂ. ನಿರ್ದೇಶಕರು ಬಗಲಲ್ಲಿದ್ದ ಕಟ್ಟು ಬಿಚ್ಚಿದರೆ, ಒಳಗೆ 'ಅಳತೆ ಒಪ್ಪಿದ ಲೆಕ್ಕ' ಎಂಬ ಹೆಸರಿನ ಬಣ್ಣದ ಪುಸ್ತಿಕೆಗಳು. ಕೂಸು ಹುಟ್ಟುವ ಮುಂಚೆಯೇ ಕುಲಾವಿ ಹೊಲಿಸಿದ್ದರು ಪುಣ್ಯಾತ್ಮರು. ನನಗೆ ಅವತ್ತು ಅವರ ಮೇಲೂ ಪ್ರೀತಿ ಬಂತು. ಎದ್ದು ಹೋಗಿ ಅತ್ತಿಗೆಯನ್ನು ತಬ್ಬಿಕೊಳ್ಳೋಣ ಅನ್ನಿಸಿತು.

ಅತ್ತಿಗೆ ಪರದೆಯನ್ನೇ ನೋಡುತ್ತ ಕೂತಿದ್ದರು. ಮಾತಾಡಿ ಎಂದು ನಿರ್ದೇಶಕರು ಕರೆದಾಗ ಎದ್ದು ನಿಂತು, "ಒಂದು ತೊಂದರೆ ಇದೆ ಸರ್" ಎಂದರು.

"ಎಲ್ಲಿ ತೊಂದರೆ? ಇಷ್ಟು ಚೆನ್ನಾಗಿ ಹೊಂದಿದೆಯಲ್ಲ."

"ಅದೇ ತೊಂದರೆ. ಇಷ್ಟು ಹೊಂದಬಾರದು."

ಕೋಣೆಯಲ್ಲಿ ಯಾರೋ ನಕ್ಕರು. ಅತ್ತಿಗೆ ಪರದೆಯ ಹತ್ತಿರ ಹೋಗಿ ತೇವದ ದಿನಗಳ ಮೇಲೆ ಬೆರಳಿಟ್ಟರು. "ನನ್ನ ಲೆಕ್ಕದಲ್ಲಿ ಒಂದು ತೂತು ಇದೆ. ಹೋದ ತಿಂಗಳು ನನಗೇ ಗೊತ್ತಾಯ್ತು. ನೀರಾವಿ ಹಿಡಿಯೋ ಶಾಖದಲ್ಲಿ ಒಂದು ಭಾಗವನ್ನ ನಾನು ಕಡಿಮೆ ಹಾಕಿದೀನಿ. ಅಂಕಿಗಳನ್ನ ಮೊಹರು ಮಾಡಿ ಕೊಟ್ಟಾಗಿತ್ತು, ಆಮೇಲೆ ಮುಟ್ಟೋ ಹಾಗಿಲ್ಲ ಅಂತ ಸುಮ್ಮನಿದ್ದೆ. ಸರ್, ನಿಮಗೆ ಅವತ್ತೇ ಹೇಳಿದೀನಿ. ತೇವದ ದಿನ ನನ್ನ ಕೆಂಪು ಗೆರೆ ನೀಲಿಗಿಂತ ಕೆಳಗೆ ಇರಬೇಕಿತ್ತು. ಆಕಾಶಕ್ಕೆ ನನ್ನ ತಪ್ಪು ಗೊತ್ತಿಲ್ಲವಲ್ಲ, ಅದು ಯಾಕೆ ನನ್ನ ಹಾಗೇ ತಪ್ಪು ಮಾಡುತ್ತೆ?"

ಪರೀಕ್ಷೆಯಲ್ಲಿ ಇಬ್ಬರು ಹುಡುಗರ ಉತ್ತರ ಒಂದೇ ಥರ ಸರಿಯಿದ್ದರೆ ಮೇಷ್ಟರು ಏನೂ ಅನ್ನುವುದಿಲ್ಲ. ಒಂದೇ ಥರ ತಪ್ಪಿದ್ದರೆ ಇಬ್ಬರನ್ನೂ ನಿಲ್ಲಿಸಿ ಯಾರು ಯಾರದನ್ನು ನೋಡಿ ಬರೆದಿರಿ ಎಂದು ಕೇಳುತ್ತಾರೆ. ಅತ್ತಿಗೆ ಹೇಳಿದ್ದು ಅದೇ ಮಾತು ಎಂದು ನನಗೆ ತಿಳಿದ ಕ್ಷಣ ಮೈಯೆಲ್ಲ ಉರಿದುಹೋಯಿತು. ಅಳತೆ ನನ್ನದು. ಹಾಗಾದರೆ ನೋಡಿ ಬರೆದವಳು ನಾನೇ ಆದೆನಲ್ಲ.

ಸಭೆ ಚದುರಿದ ಮೇಲೆ ಕಾರಿಡಾರಿನಲ್ಲಿ ಅವರನ್ನು ಹಿಡಿದು ನಿಲ್ಲಿಸಿದೆ. "ಅತ್ತಿಗೆ, ಎಲ್ಲರ ಮುಂದೆ ನನ್ನನ್ನ ಕಳ್ಳಿ ಮಾಡಿದ್ರಲ್ಲ!"

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೋಬೇಡ ಕಣೆ. ನೀನು ಕದ್ದಿಲ್ಲ, ಅದು ನನಗೆ ಗೊತ್ತು. ಯಾರೋ ನನ್ನದನ್ನ ತಂದು ನಿನ್ನ ಕೈಗೆ ಇಟ್ಟಿದಾರೆ. ನಿನಗೂ ತಿಳೀದ ಹಾಗೆ. ನಡಿ, ಎಲ್ಲಿಂದ ಬಂತು ಹುಡುಕೋಣ."

"ಹುಡುಕಿ ಏನು ಮಾಡ್ತೀರಿ? ಗೆದ್ದಿದೀರಲ್ಲ. ಸುಮ್ಮನಿದ್ರೆ ನಿಮ್ಮ ಪ್ರೋಗ್ರಾಮ್ ಉಳಿಯುತ್ತೆ."

"ನನ್ನ ದನಿನೇ ನನಗೆ ಕೇಳಿಸಿ ಗೆದ್ದೆ ಅಂದ್ರೆ ಅದು ಯಾವ ಗೆಲುವು?" ಎಂದು ಅವರು ಮೆಟ್ಟಿಲು ಹತ್ತತೊಡಗಿದರು. ಮಂಡಿನೋವಿನವರು, ನನಗಿಂತ ಮುಂದೆ ಹತ್ತಿದರು. ಸಿಟ್ಟಿನಲ್ಲೇ ಹಿಂದೆ ಹೋದೆ.

ತಾರಸಿಯ ಮೇಲಿನ ಮುಖ್ಯ ಉಪಕರಣ ಒಂದು ತಟ್ಟೆಯಷ್ಟು ಅಗಲದ್ದು, ಮೇಲೆ ಕಪ್ಪು ಗುಮ್ಮಟ. ಆಕಾಶದ ಶಾಖ ಬಿದ್ದರೆ ಸಣ್ಣದೊಂದು ವಿದ್ಯುತ್ತು ಹುಟ್ಟುತ್ತದೆ. ಇಷ್ಟು ವಿದ್ಯುತ್ತಿಗೆ ಇಷ್ಟು ಶಾಖ ಎಂದು ಹೇಳಲು ಒಂದು ತಿದ್ದುಪಡಿ ಪಟ್ಟಿ ಬೇಕು. ತೇವದ ದಿನಕ್ಕೆ ಒಂದು, ಒಣ ದಿನಕ್ಕೆ ಒಂದು. ಪ್ರತಿ ವರ್ಷ ಅದನ್ನು ಬಿಚ್ಚಿ, ಹತ್ತಿ ಸುತ್ತಿ, ದೂರದ ಉಪಕರಣ ಕಾರ್ಯಾಗಾರಕ್ಕೆ ಕಳಿಸುವುದು ಪದ್ಧತಿ. ಅವರು ಪರೀಕ್ಷಿಸಿ ಹೊಸ ಪಟ್ಟಿಯೊಂದಿಗೆ ವಾಪಸು ಕಳಿಸುತ್ತಾರೆ. ನಾನು ಕಣ್ಣಿಗೊತ್ತಿಕೊಂಡು ಬಳಸುತ್ತಿದ್ದೆ.

ಅತ್ತಿಗೆ ಕೇಳಿದರು, "ಆ ಪಟ್ಟಿನ ಅವರು ಹೇಗೆ ಮಾಡ್ತಾರೆ?"

"ಕಪ್ಪು ಶಂಕುವಿನ ಮುಂದೆ ಇಟ್ಟು. ಶಂಕು ಎಷ್ಟು ಬಿಸಿ ಅಂತ ಗೊತ್ತಿರುತ್ತೆ, ಅದು ಎಷ್ಟು ಶಾಖ ಬಿಡುತ್ತೆ ಅನ್ನೋದೂ ಗೊತ್ತಿರುತ್ತೆ. ಎಲ್ಲಾ ಕಡೆ ಹಾಗೇ."

"ಫೋನ್ ಮಾಡಿ ಕೇಳು."

ಕಾರ್ಯಾಗಾರದ ಮುಖ್ಯಸ್ಥರು ಫೋನಿನಲ್ಲಿ ಸಿಕ್ಕರು. ಒಳ್ಳೆಯ ಮನುಷ್ಯ, ಮಾತಿಗೊಮ್ಮೆ ಮೇಡಂ ಎನ್ನುವವರು. ನಾನು ಸ್ಪೀಕರ್ ಒತ್ತಿ ಕೇಳಿದೆ.

"ಶಂಕು ಎಲ್ಲಿದೆ ಮೇಡಂ? ಅದು ಸೀಳಿ ಎಷ್ಟೋ ವರ್ಷ ಆಯ್ತು. ಹೊಸದು ಕೊಡಿಸಿ ಅಂತ ಕೇಳ್ತಾನೇ ಇದೀವಿ. ಆದ್ರೆ ನಿಮ್ಮದಕ್ಕೆ ಏನೂ ತೊಂದರೆ ಇಲ್ಲ. ನಿಮ್ಮ ಆಫೀಸಿಂದಾನೇ ಪ್ರತಿ ವರ್ಷ ಪಟ್ಟಿ ಬರುತ್ತಲ್ಲ, ನಿರ್ಮಲ ಆಕಾಶ ಇದ್ದಾಗ ಎಷ್ಟು ತೋರಿಸ್ಬೇಕು ಅಂತ. ತೇವಕ್ಕೆ ಬೇರೆ, ಒಣಗಾಳಿಗೆ ಬೇರೆ. ನಮ್ಮ ಹುಡುಗರು ಅದಕ್ಕೆ ಸರಿಯಾಗಿ ಹೊಂದಿಸ್ತಾರೆ. ಎಷ್ಟು ನೀಟಾಗಿ ಹೊಂದಿಸ್ತಾರೆ ಅಂದ್ರೆ ಮೇಡಂ, ಒಂದು ಚೂರೂ ಆಚೆ ಈಚೆ ಆಗಲ್ಲ!"

"ಆ ಪಟ್ಟಿ ಯಾರು ಕಳಿಸ್ತಾರೆ?"

"ನಿಮ್ಮ ಕಂಪ್ಯೂಟರ್ ಕೋಣೆಯಿಂದ ಬರುತ್ತೆ. ತಾನೇ ತಾನಾಗಿ ಬರುತ್ತೆ, ಪ್ರತಿ ವರ್ಷ ಅದೇ ವಾರ. ಬಹಳ ಶಿಸ್ತು ಮೇಡಂ ನಿಮ್ಮಲ್ಲಿ."

ಫೋನ್ ಇಟ್ಟು ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಕಾರ್ಯಾಗಾರದವರು ಯಾವಾಗಲೋ ಒಮ್ಮೆ ಕೇಳಿದ್ದಿರಬೇಕು. ಆಡಳಿತದವರು ಯಾರೋ ಕಂಪ್ಯೂಟರಿಗೆ ಪ್ರತಿ ವರ್ಷ ಕಳಿಸು ಎಂದು ಹೇಳಿಟ್ಟು ಮರೆತಿದ್ದಿರಬೇಕು. ಅತ್ತಿಗೆಯ ಪ್ರೋಗ್ರಾಮು ವರ್ಷ ವರ್ಷವೂ ಆ ವರ್ಷದ ಅನಿಲದ ಪ್ರಮಾಣ ಸೇರಿಸಿ, ಆಕಾಶ ಇಷ್ಟು ತೋರಿಸಬೇಕು ಎಂದು ಅಂಕಿ ಕಳಿಸುತ್ತಿತ್ತು. ನನ್ನ ಉಪಕರಣವನ್ನು ಆ ಅಂಕಿಗೆ ತಿರುಗಿಸಿ ಕೂರಿಸುತ್ತಿದ್ದರು. ನಾನು ಅದನ್ನು ತಾರಸಿಗೆ ಒಯ್ದು ಆಕಾಶಕ್ಕೆ ಹಿಡಿದು, ನೋಡಿ ಎಷ್ಟು ಚೆನ್ನಾಗಿ ಒಪ್ಪುತ್ತದೆ ಎನ್ನುತ್ತಿದ್ದೆ. ಯಾರಿಗೂ ಕೆಟ್ಟ ಬುದ್ಧಿ ಇರಲಿಲ್ಲ. ನಾವು ಊಟದ ಮೇಜಿನಲ್ಲಿ ಒಂದು ಅಂಕಿ ಜಾರಬಾರದೆಂದು ಮುಂಬಾಗಿಲಿಗೆ ಬೀಗ ಜಡಿದು ಕಾದಿದ್ದೆವು, ಹಿತ್ತಿಲ ಬಾಗಿಲು ಅಷ್ಟು ವರ್ಷವೂ ಹಾರು ಹೊಡೆದುಕೊಂಡಿತ್ತು.

ನನಗೆ ನಗುವೂ ಬಂತು, ಅಳುವೂ ಬಂತು. ಎಲ್ಲಕ್ಕಿಂತ ಹೆದರಿಕೆಯಾಗಿದ್ದು ಇನ್ನೊಂದಕ್ಕೆ. ತೇವದ ದಿನದ ತಪ್ಪಷ್ಟೇ ಆಗಿದ್ದರೆ ಒಂದು ಮಾತು. ವರ್ಷ ವರ್ಷದ ಏರಿಕೆಯೂ ಅದೇ ಪಟ್ಟಿಯಿಂದ ಬಂದದ್ದು. ಅನಿಲಗಳಿಂದ ಶಾಖ ಹೆಚ್ಚುತ್ತಿದೆ ಎಂದು ನನ್ನ ನೀಲಿ ಗೆರೆ ಹೇಳಿದ್ದು ಆಕಾಶದ ಮಾತೋ, ಅತ್ತಿಗೆಯ ಮಾತೋ, ಈಗ ಹೇಳುವವರು ಯಾರು? ಆ ಗೆರೆ ಬಿದ್ದರೆ ಅವರ ಮೂವತ್ತು ವರ್ಷಕ್ಕೆ ಸಾಕ್ಷಿಯೇ ಇಲ್ಲ.

ಅತ್ತಿಗೆ ತಾರಸಿಯ ಮೋಟುಗೋಡೆಗೆ ಒರಗಿ ಕೂತರು. ಆಮೇಲೆ ಮೂಲೆಯ ಕಡೆ ಕೈ ತೋರಿಸಿದರು. "ಅದು ಏನು? ಅದೂ ಅಂಥದ್ದೇ ಅಲ್ವಾ?"

ಅದಕ್ಕೆ ನಾನು ಇಟ್ಟ ಹೆಸರು ಅಜ್ಜ. ಹೊಸ ಉಪಕರಣ ಬರುವ ಮುಂಚಿನದು, ಹಿತ್ತಾಳೆಯ ಬುಡ, ಬಣ್ಣ ಹೋದ ಮೈ. ಬಿಸಾಡಿ ಎಂದು ಆದೇಶ ಬಂದಾಗ ನನಗೆ ಸಿಟ್ಟು ಬಂದು, ಬಿಸಾಡುವುದಿಲ್ಲ ಎಂದು ಹಟಕ್ಕೆ ಬಿದ್ದು ತಂತಿ ಕೂಡಿಸಿಯೇ ಇಟ್ಟಿದ್ದೆ. ಇಷ್ಟು ಹಳೆಯದಕ್ಕೆ ಸಾಗಣೆ ಖರ್ಚು ದಂಡ ಎಂದು ಅದನ್ನು ಒಮ್ಮೆಯೂ ಕಾರ್ಯಾಗಾರಕ್ಕೆ ಕಳಿಸಿರಲಿಲ್ಲ. ಅದರ ವಿದ್ಯುತ್ತಿನ ಅಂಕಿಗಳು ಯಾರ ಲೆಕ್ಕಕ್ಕೂ ಸೇರದೆ ಕಂಪ್ಯೂಟರಿನ ಮೂಲೆಯಲ್ಲಿ ಬೀಳುತ್ತಿದ್ದವು. ತೇವದ ದಿನಗಳಲ್ಲಿ ಹೊಸದಕ್ಕಿಂತ ಒಂದಿಷ್ಟು ಹೆಚ್ಚೇ ತೋರಿಸುತ್ತಿತ್ತು. ಅರವತ್ತಕ್ಕೆ ಅರಳು ಮರಳು, ಪಾಪ ಎಂದು ನಾನೂ ನಗುತ್ತಿದ್ದೆ.

"ತೇವದ ದಿನ ಹೆಚ್ಚು ತೋರಿಸ್ತಿತ್ತಾ?" ಅತ್ತಿಗೆಯ ಕಣ್ಣು ಅರಳಿತು. "ಮರುಳು ಅದಲ್ಲ ಕಣೆ, ನಾನು. ಅದು ಸರಿಯಾಗಿ ಹೇಳ್ತಾ ಇತ್ತೋ ಏನೋ. ಈಗ ಅದನ್ನ ನಿಜವಾದ ಶಂಕುವಿನ ಮುಂದೆ ಹಿಡಿದು ನೋಡ್ಬೇಕು. ಎಷ್ಟು ವಿದ್ಯುತ್ತಿಗೆ ಎಷ್ಟು ಶಾಖ ಅಂತ ಮಾಡಿದೋರು ಬುಡದ ಮೇಲೆ ಕೆತ್ತಿರೋ ಸಂಖ್ಯೆ ಇವತ್ತಿಗೂ ಸರಿ ಇದ್ರೆ, ಅಷ್ಟು ವರ್ಷವೂ ಸರಿ ಇತ್ತು ಅಂತ ಅರ್ಥ."

ನಿರ್ದೇಶಕರ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದೆವು. ಅವರು ಪುಸ್ತಿಕೆಯ ಕಟ್ಟಿನ ಮೇಲೆ ಕೈಯಿಟ್ಟುಕೊಂಡು ಕೇಳಿದರು. "ಮೇಡಂ, ನೀವು ಬಾಯಿ ಬಿಡದೇ ಇದ್ರೆ ಇದು ಯಾರಿಗೂ ಗೊತ್ತಾಗ್ತಿರಲಿಲ್ಲ" ಎಂದರು. ಗದರಿದ ಹಾಗಿರಲಿಲ್ಲ. ಆಶ್ಚರ್ಯಪಟ್ಟ ಹಾಗಿತ್ತು. ತಿಂಗಳ ಕೊನೆಯವರೆಗೆ ಸಮಯ ಕೊಟ್ಟು, ಪುಸ್ತಿಕೆಗಳನ್ನು ತಾವೇ ಬೀರುವಿನೊಳಗೆ ಇಟ್ಟು ಬಾಗಿಲು ಹಾಕಿದರು. ನಾನು ಅವರ ಬಗ್ಗೆ ಅಂದುಕೊಂಡಿದ್ದ ಕೆಲವು ಮಾತುಗಳನ್ನು ವಾಪಸು ತೆಗೆದುಕೊಂಡೆ.

ಶಂಕು ಕೊಳ್ಳಲು ಅರ್ಜಿ ಹಾಕಿದರೆ ಅದು ಬರುವಷ್ಟರಲ್ಲಿ ಅತ್ತಿಗೆ ನಿವೃತ್ತರಾಗಿ ವರ್ಷವಾಗಿರುತ್ತಿತ್ತು. ಪಾತ್ರೆ ಕೆಲಸದವನೊಬ್ಬನಿಂದ ತಾಮ್ರದ ತಗಡಿನ ಶಂಕು ಮಾಡಿಸಿ, ಒಳಗೆ ಮಸಿಗಪ್ಪು ಬಳಿದೆವು. ಅದನ್ನು ಒಂದೇ ಬಿಸಿಯ ನೀರಿನಲ್ಲಿ ಮುಳುಗಿಸಿಡಬೇಕು. ಅಂಥ ತೊಟ್ಟಿ ಇದ್ದದ್ದು ಅಣ್ಣನ ಕ್ಲಿನಿಕ್ಕಿನಲ್ಲಿ. ಹಲ್ಲಿನ ಅಚ್ಚು ತೆಗೆಯುವ ಮೇಣವನ್ನು ಮೆದು ಮಾಡಲು ಇಟ್ಟುಕೊಂಡದ್ದು, ಎಷ್ಟು ಬಿಸಿ ಬೇಕೆಂದು ಗುಂಡಿ ತಿರುಗಿಸಿದರೆ ಅಷ್ಟರಲ್ಲೇ ನಿಲ್ಲುತ್ತದೆ.

"ಆಕಾಶಕ್ಕೂ ನನ್ನ ಹತ್ರನೇ ಹಲ್ಲು ಕಟ್ಟಿಸ್ತೀರಾ?" ಎಂದ ಅಣ್ಣ. ಆದರೂ ಪಕ್ಕದ ಕೋಣೆಯ ಸಾಮಾನನ್ನೆಲ್ಲ ತಾನೇ ಸರಿಸಿ ಜಾಗ ಮಾಡಿಕೊಟ್ಟ.

ಆ ವಾರವಿಡೀ ನಮ್ಮ ಸಂಶೋಧನೆ ಲವಂಗದೆಣ್ಣೆಯ ವಾಸನೆಯ ನಡುವೆ ನಡೆಯಿತು. ಆಚೆ ಕೋಣೆಯಲ್ಲಿ ಡ್ರಿಲ್ಲಿನ ಸದ್ದು, ಈಚೆ ಕೋಣೆಯಲ್ಲಿ ಶಂಕುವಿನ ಬಾಯಿಗೆ ಮುಖ ಮಾಡಿ ಮಲಗಿದ ಅಜ್ಜ. ಮೊದಲು ಮಂಜುಗಡ್ಡೆ ತುಂಬಿದ ನೀರು, ಆಮೇಲೆ ಉಗುರುಬೆಚ್ಚಗೆ, ಆಮೇಲೆ ಬಿಸಿ. ತಾರಸಿಯ ಒಳ್ಳೆಯ ಥರ್ಮಾಮೀಟರನ್ನು ನಾನು ಎದೆಗವಚಿಕೊಂಡು ತಂದಿದ್ದೆ. ಅತ್ತಿಗೆ ಅಂಕಿ ಓದುವುದು, ನಾನು ಬರೆಯುವುದು. ಕೆನ್ನೆ ಊದಿಸಿಕೊಂಡು ಕಾಯುತ್ತಿದ್ದ ಒಬ್ಬ ಹೆಂಗಸು ಬಾಗಿಲಲ್ಲಿ ಇಣುಕಿ, "ಅದಕ್ಕೂ ಹಲ್ಲುನೋವಾ?" ಎಂದರು. ಅತ್ತಿಗೆ ಗಂಭೀರವಾಗಿ, "ಇಲ್ಲಮ್ಮ, ಅದು ನಿಜ ಹೇಳುತ್ತೋ ಸುಳ್ಳು ಹೇಳುತ್ತೋ ಅಂತ ನೋಡ್ತಿದೀವಿ" ಎಂದರು. ಆಯಮ್ಮ ತಮ್ಮ ನೋವು ಮರೆತು ಅರ್ಧ ಗಂಟೆ ಅಲ್ಲೇ ನಿಂತು ನೋಡಿದರು. ಅತ್ತಿಗೆ ಅವರಿಗೆ ಶಂಕು ಯಾಕೆ, ಕಪ್ಪು ಬಣ್ಣ ಯಾಕೆ, ಎಲ್ಲವನ್ನೂ ವಿವರಿಸಿದರು. ಸ್ವಂತ ತಪ್ಪನ್ನು ಹುಡುಕಲು ಹೊರಟ ಮನುಷ್ಯರು ಇಷ್ಟು ಉತ್ಸಾಹದಲ್ಲಿ ಇರುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ವಾರದ ಕೊನೆಗೆ ಉತ್ತರ ಸಿಕ್ಕಿತು. ಅಜ್ಜನ ಬುಡದಲ್ಲಿ ಕೆತ್ತಿದ್ದ ಸಂಖ್ಯೆಯೂ ನಮ್ಮ ಸಂಖ್ಯೆಯೂ ಒಂದೇ. ಇಷ್ಟು ವರ್ಷ ಬಿಸಿಲು, ಗಾಳಿ, ಪಾರಿವಾಳಗಳ ಉಪದ್ರವ ಎಲ್ಲವನ್ನೂ ತಿಂದು ಅದು ಕದಲಿರಲಿಲ್ಲ. ಅಣ್ಣ ರೋಗಿಯ ಬಾಯಲ್ಲಿ ಹತ್ತಿ ಇಟ್ಟು ಓಡಿ ಬಂದು ಅದರ ಹಿತ್ತಾಳೆಯ ಬೆನ್ನು ತಟ್ಟಿ ಹೋದ.

ಈಗ ಅಜ್ಜನ ಹಳೆಯ ಅಂಕಿಗಳನ್ನೆಲ್ಲ ಶಾಖಕ್ಕೆ ತಿರುಗಿಸುವ ಕೆಲಸ ನನ್ನದು. ಮೋಡವಿಲ್ಲದ ದಿನಗಳನ್ನು ಮಾತ್ರ ತೆಗೆದುಕೊಂಡು, ಒಣ ದಿನ, ತೇವದ ದಿನ ಎಂದು ಎರಡು ಗುಂಪು ಮಾಡಿ, ಒಂದೊಂದು ಗುಂಪಿನಲ್ಲೂ ವರ್ಷ ವರ್ಷಕ್ಕೂ ಬಿಸಿ ಮತ್ತು ತೇವ ಒಂದೇ ಸಮ ಇದ್ದ ದಿನಗಳನ್ನು ಆರಿಸಿಕೊಂಡೆ. ಹಾಗೆ ಆರಿಸಿದರೆ ವರ್ಷದಿಂದ ವರ್ಷಕ್ಕೆ ಬದಲಾಗುವುದು ಅನಿಲಗಳ ಪಾಲು ಮಾತ್ರ. ಅತ್ತಿಗೆ ಇದ್ಯಾವುದನ್ನೂ ಮುಟ್ಟಲಿಲ್ಲ. ಅದೇ ದಿನಗಳಿಗೆ ತಮ್ಮ ಲೆಕ್ಕವನ್ನು ಮತ್ತೆ ಮಾಡಿ, ಮೊಹರು ಮಾಡಿ, ನಿರ್ದೇಶಕರ ಕೈಗೆ ಕೊಟ್ಟು ಬಂದರು. ತೂತನ್ನು ಮುಚ್ಚಿ ಕೊಡಬಹುದಿತ್ತಲ್ಲ ಎಂದು ಕೇಳಿದ್ದಕ್ಕೆ, "ಪರೀಕ್ಷೆ ಹಳೇ ಲೆಕ್ಕದ್ದು. ತೂತು ಇದ್ದ ಹಾಗೇ ಇರಲಿ, ಬೆಳಕು ಬೀಳಲಿ" ಎಂದರು.

ಒಂದು ಮಧ್ಯಾಹ್ನ ಊಟವಾದ ಮೇಲೆ, ನಿರ್ದೇಶಕರ ಸಮ್ಮತಿ ಪಡೆದು, ನೆಲಮಾಳಿಗೆಯಲ್ಲಿ ನಾವಿಬ್ಬರೇ ಕೂತು ಗೆರೆಗಳನ್ನು ಎಳೆದೆವು. ಅಜ್ಜನ ನೀಲಿ ಮೇಲೆ ಬಂತು, ಅತ್ತಿಗೆಯ ಕೆಂಪು ಅದರ ಕೆಳಗೆ. ಮೊದಲ ವರ್ಷದಿಂದ ಕೊನೆಯ ವರ್ಷದವರೆಗೆ ಎಲ್ಲೂ ಒಂದನ್ನೊಂದು ಮುಟ್ಟಲಿಲ್ಲ. ತೇವದ ದಿನಗಳಲ್ಲಿ ನಡುವಿನ ಜಾಗ ಇನ್ನೂ ಅಗಲ. ನಾನು ತಲೆ ಎತ್ತಲಿಲ್ಲ.

"ತೂತು ನಿಜ" ಎಂದರು ಅತ್ತಿಗೆ. ತಾವು ಅಂದಾಜಿಸಿದಷ್ಟೇ ಇದೆ ಎಂದು ಅಳೆದೂ ನೋಡಿದರು. ಮೇಜಿನ ಫೋನೆತ್ತಿ ಎರಡನೇ ಮಹಡಿಗೆ ಮಾಡಿದರು. "ನೋಡಪ್ಪ, ನಿಮ್ಮ ಪ್ರೋಗ್ರಾಮೇ ಇಟ್ಕೊಳ್ಳಿ ಅಂತ ಸಾಹೇಬರಿಗೆ ಹೇಳ್ತೀನಿ. ನೀರಾವಿ ಭಾಗ ನೀವು ಮಾಡಿರೋದೇ ಸರಿ. ಏ, ನನಗ್ಯಾಕೆ ಬೇಜಾರು? ನಾಳೆ ಬಾ, ನನ್ನದರಲ್ಲಿ ಉಪಯೋಗಕ್ಕೆ ಬರೋದು ಏನಿದೆ ತೋರಿಸ್ತೀನಿ." ದನಿ ಒಂದಿಷ್ಟೂ ನಡುಗಲಿಲ್ಲ. ಮೂವತ್ತು ವರ್ಷ ಸಾಕಿದ್ದನ್ನು ಪಕ್ಕದ ಮನೆಯವರಿಗೆ ಸೌಟು ಕೊಟ್ಟಷ್ಟು ಸಲೀಸಾಗಿ ಕೊಟ್ಟುಬಿಟ್ಟರು. ನನಗೇ ತಡೆಯಲಾಗದೆ ಮುಖ ಆಚೆ ತಿರುಗಿಸಿದೆ.

"ಅಳು ಆಮೇಲೆ. ಏರಿಕೆ ಹಾಕು ಈಗ" ಎಂದರು.

ಏರಿಕೆ ನೋಡಬೇಕಾದರೆ ಎರಡು ಗೆರೆಗಳನ್ನೂ ಮೊದಲ ವರ್ಷದಲ್ಲಿ ಒಂದೇ ಚುಕ್ಕೆಗೆ ತಂದು ನಿಲ್ಲಿಸಬೇಕು. ಅಲ್ಲಿಂದ ಯಾವುದು ಎಷ್ಟು ಮೇಲೆ ಹೋಗುತ್ತದೆ ನೋಡಬೇಕು. ನಾನು ಹಾಗೆ ಮಾಡಿ ಗುಂಡಿ ಒತ್ತಿದೆ. ನೀಲಿ ಏರಿತು. ಕೆಂಪು ಏರಿತು. ಒಂದು ವರ್ಷ ಇದು ಸ್ವಲ್ಪ ಮೇಲೆ, ಇನ್ನೊಂದು ವರ್ಷ ಅದು ಸ್ವಲ್ಪ ಮೇಲೆ, ಮೊದಲಿನ ಹಾಗೆ ಅಂಟಿಸಿದಂತೆ ಕೂರಲಿಲ್ಲ. ನಿಜವಾದ ಅಳತೆ ಹೇಗಿರಬೇಕೋ ಹಾಗೆ ಓಲಾಡಿಕೊಂಡು, ಹದಿನಾಲ್ಕು ವರ್ಷದ ಕೊನೆಗೆ ಎರಡೂ ಒಂದೇ ಎತ್ತರ ಮುಟ್ಟಿದವು. ಒಮ್ಮೆಯೂ ಕಾರ್ಯಾಗಾರಕ್ಕೆ ಹೋಗದ, ಯಾರ ಪಟ್ಟಿಯನ್ನೂ ನೋಡದ ಆ ಹಿತ್ತಾಳೆ ಮುದುಕ ಅತ್ತಿಗೆಯ ಮಾತನ್ನೇ ಹೇಳಿತ್ತು. ನೀರಾವಿಯಲ್ಲಿ ತಪ್ಪಿದ್ದರೂ ಅನಿಲಗಳ ವಿಷಯದಲ್ಲಿ ಅವರ ಲೆಕ್ಕ ಒಂದು ಚೂರೂ ತಪ್ಪಿರಲಿಲ್ಲ.

ನಾನು ಕುರ್ಚಿ ಬೀಳಿಸಿಕೊಂಡು ಎದ್ದೆ. "ಅತ್ತಿಗೆ! ನೀವು ಸರಿ! ಇಷ್ಟು ವರ್ಷ ನೀವು ಹೇಳಿದ್ದೇ ಸರಿ!" ಎಂದು ಕೂಗಿ ಅವರನ್ನು ಹಿಂದಿನಿಂದ ತಬ್ಬಿಕೊಂಡೆ. ಪ್ರೋಗ್ರಾಮು ಹೋದರೆ ಹೋಗಲಿ, ಇದಕ್ಕಿಂತ ದೊಡ್ಡ ಸಾಕ್ಷಿ ಯಾರಿಗೆ ಸಿಕ್ಕಿದ್ದುಂಟು? ಅವರ ಭುಜ ಅಲುಗುತ್ತಿತ್ತು. ನಗುತ್ತಿದ್ದಾರೆ ಎಂದುಕೊಂಡು ಮುಂದೆ ಬಂದು ನೋಡಿದರೆ, ನಮ್ಮ ಅತ್ತಿಗೆ ಅಳುತ್ತಿದ್ದರು.

"ಯಾಕೆ ಅತ್ತಿಗೆ? ಖುಷಿಗಾ?"

ಅವರು ಇಲ್ಲವೆಂದು ತಲೆಯಾಡಿಸಿದರು.

"ಕಾರ್ಯಾಗಾರದೋರು ಆ ಪಟ್ಟಿ ವಿಷಯ ಹೇಳಿದ್ರಲ್ಲ, ಅವತ್ತಿಂದ ನನಗೆ ಒಂದು ಆಸೆ ಹುಟ್ಟಿತ್ತು ಕಣೆ. ಯಾರಿಗೂ ಹೇಳಿರಲಿಲ್ಲ. ಏರಿಕೆನೂ ನನ್ನ ದನಿನೇ ಆಗಿರಲಿ ಅಂತ. ನಾನೇ ಪೂರ್ತಿ ತಪ್ಪು, ಹೊರಗೆ ಆಕಾಶಕ್ಕೆ ಏನೂ ಆಗಿಲ್ಲ ಅಂತ."

ಅಷ್ಟು ದಿನದ ಅವರ ಉತ್ಸಾಹ ಯಾವುದರದ್ದು ಎಂದು ನನಗೆ ಆಗ ತಿಳಿಯಿತು. ಗೆಲ್ಲಲಿ ಎಂದು ನಾನು ಹಾರೈಸುತ್ತಿದ್ದಾಗ, ಅವರು ಮಂಜುಗಡ್ಡೆ ತುಂಬಿದ್ದು, ಬಿಸಿ ಏರಿಸಿದ್ದು, ಎಲ್ಲವೂ ತಾವು ಸೋಲಲಿ ಎಂದು. ಸೋಲು ಸಿಗಲಿ ಎಂದು ಅಷ್ಟು ಆಸೆಪಟ್ಟವರು ಒಂದು ಅಂಕಿಯನ್ನೂ ಆ ಕಡೆಗೆ ವಾಲಿಸಿರಲಿಲ್ಲ. ನನಗೆ ಅವರ ಕಾಲು ಮುಟ್ಟಬೇಕು ಅನ್ನಿಸಿತು. ಪಕ್ಕದಲ್ಲಿ ಕೈ ಹಿಡಿದುಕೊಂಡು ಕೂತೆ.

ಸ್ವಲ್ಪ ಹೊತ್ತಿಗೆ ಅವರು ಅಂಗೈಯಿಂದ ಮುಖ ಒರೆಸಿಕೊಂಡು ಕನ್ನಡಕ ಹಾಕಿಕೊಂಡರು. "ಪ್ರಿಂಟ್ ತೆಗಿ. ಗೆರೆ ದೂರ ದೂರ ಇರೋ ಚಿತ್ರ ಮೊದಲು ಹಾಕು, ನನ್ನ ತಪ್ಪು ಎಷ್ಟು ಅಂತ ಎಲ್ಲರೂ ನೋಡಲಿ. ಆಮೇಲೆ ಇದನ್ನ ತೋರಿಸಿದ್ರೆ ನಂಬ್ತಾರೆ" ಎಂದರು.